ಬೆನ್ನಿನ ಅಚ್ಚು

ಮುಖ ನೋಡಿ ಮನುಷ್ಯನನ್ನು ಅಳೆಯುವವರು ಅಳೆಯಲಿ,
ನಾನು ಬೆನ್ನು ನೋಡಿದವನು.
ಇಪ್ಪತ್ತಾರು ವರ್ಷದಿಂದ ಈ ಕಾರ್ಖಾನೆಯಲ್ಲಿ
ರೇಸ್ ಕಾರಿನ ಸೀಟಿಗೆ ಅಚ್ಚು ತೆಗೆಯುವುದು ನನ್ನ ಕೆಲಸ.

ಎಮಿಲಿಯಾದ ಜನವರಿ. ಹೊರಗೆ ಪೋಪ್ಲರ್ ಸಾಲನ್ನು
ಮಂಜು ನುಂಗಿ ಕೂತಿರುತ್ತದೆ.
ಒಳಗೆ ಬರಿಮೈ ಕಾರು, ಚಕ್ರವಿಲ್ಲ, ಬಣ್ಣವಿಲ್ಲ, ಎಂಜಿನ್ನಿಲ್ಲ.
ಅದರ ಹೊಟ್ಟೆಯಲ್ಲಿ ಕಸದ ಕಪ್ಪು ಚೀಲ ಹಾಸಿ
ಕೋಟಿಗಟ್ಟಲೆ ಬೆಲೆಯ ಮನುಷ್ಯನನ್ನು ಕೂರಿಸುತ್ತೇನೆ.
ಎರಡು ಡಬ್ಬಿ ಬೆರೆಸಿ ಹೊಯ್ದರೆ
ನೊರೆ ಉಬ್ಬುತ್ತದೆ, ಕಾಯುತ್ತದೆ,
ಸೊಂಟದ ಸಂದಿಗೊಂದಿಗೆಲ್ಲ ನುಗ್ಗುತ್ತದೆ.
ಹದಿನೈದು ನಿಮಿಷ. ಕೆಮ್ಮಬಾರದು.
ಮುನ್ನೂರು ಕಿಲೋಮೀಟರಿನವರನ್ನು
ಹೀಗೆ ಮಿಸುಕದಂತೆ ಕೂರಿಸಬಲ್ಲವನು ನಾನೊಬ್ಬನೇ ಎಂದು
ಹೆಂಡತಿ ಎರ್ಸಿಲಿಯಾಳೆದುರು ಜಂಬ ಕೊಚ್ಚಿದ್ದುಂಟು.

ಆರ್ವಿ ಲೆಹ್ತೊ, ಫಿನ್ಲೆಂಡಿನವನು,
ಏಳು ಜನವರಿ ಬಂದ.
ಎಡಗಡೆಯ ಹೆಗಲೆಲುಬು ಬಲಕ್ಕಿಂತ ತುಸು ಉಬ್ಬು:
ಹನ್ನೊಂದರ ಹುಡುಗ ಕಾರ್ಟಿನಿಂದೆದ್ದು
ಟೈರಿನ ರಾಶಿಗೆ ಬಡಿದ ಗುರುತು.
ಅಲ್ಲಿ ನಾಲ್ಕು ಮಿಲಿಮೀಟರ್ ಕೆತ್ತಬೇಕು.
ಯಾವ ಕಾಗದದಲ್ಲೂ ಇಲ್ಲ, ನನ್ನ ಹೆಬ್ಬೆರಳಿಗೆ ಗೊತ್ತು.

ಪ್ರತಿ ವರ್ಷ ನೊರೆಯೊಳಗೆ ಹೂತು ಕೂತು ಕೇಳುತ್ತಿದ್ದ,
"ದಾಲ್ಮಾತ್ಸಿಯೊ, ಈ ಸಲ ಕಾರು ಓಡುತ್ತದಾ?"
ನಾನು ಸೀಟಿನವನು, ಗಾಳಿಯ ಲೆಕ್ಕ ನನಗೇನು ಗೊತ್ತು.
ಓಡುತ್ತದೆ ಮಾರಾಯ, ಅನ್ನುತ್ತಿದ್ದೆ.

ಓಡಲಿಲ್ಲ.
ಸುತ್ತಿಗೆ ಸೆಕೆಂಡಿನ ಹತ್ತರಲ್ಲಿ ನಾಲ್ಕು ಪಾಲು ಹಿಂದೆ.
ಎಷ್ಟು ಅದು? ರೆಪ್ಪೆ ಬಡಿದು ತೆಗೆದಷ್ಟು.
ಆ ರೆಪ್ಪೆ ಮುಚ್ಚಿದ ಕತ್ತಲಲ್ಲೇ
ಅವನ ಇಪ್ಪತ್ನಾಲ್ಕರಿಂದ ಮೂವತ್ತೊಂದು ಕಳೆಯಿತು.

ಹೋಗುತ್ತೇನೆ ಅಂದದ್ದು ಒಂದು ಆಗಸ್ಟಿನಲ್ಲಿ, ಇಂಗ್ಲೆಂಡಿನ ತಂಡಕ್ಕೆ.
ಅವತ್ತು ಬಾರಿನಲ್ಲಿ ಎಲ್ಲರ ಬಾಯಲ್ಲೂ ಅವನ ಬೆನ್ನೇ:
ಬೆನ್ನು ತೋರಿಸಿದ, ಬೆನ್ನಿಗೆ ಚೂರಿ ಹಾಕಿದ,
ನಿಯತ್ತಿಲ್ಲ, ಉಂಡ ಮನೆಯ ಜಂತೆ ಎಣಿಸಿದ.
ಕಾಫಿಯ ತಳದ ಸಕ್ಕರೆ ಕೆದಕುತ್ತ ನಾನೂ ಎಣಿಸಿದೆ:
ಆ ಏಳು ವರ್ಷದಲ್ಲಿ ಯಜಮಾನರು ನಾಲ್ವರು,
ಎಂಜಿನ್ನು ಮೂರು ಥರ,
ಮೈಬಣ್ಣ ಎರಡು ಸಲ ಮಾರಾಟವಾಯಿತು.
ಬದಲಾಗದೆ ಉಳಿದದ್ದು ಅವನ ಬೆನ್ನೊಂದೇ.
ಹೇಳಲಿಲ್ಲ. ಸಕ್ಕರೆ ಕುಡಿದು ಮನೆಗೆ ಬಂದೆ.

ಫೆಬ್ರವರಿಯಲ್ಲಿ, ಊಟದ ಹೊತ್ತಿಗೆ, ಫೋನು.
ದನಿ ಅವನದಲ್ಲ. ಅಲ್ಲಿನ ಸೀಟಿನವನಂತೆ, ಕ್ಲೆಮ್ ಹಾರ್ವುಡ್,
ತಡವರಿಸುತ್ತ ಕೇಳಿದ:
"ಮೂರು ಸಲ ಅಚ್ಚು ತೆಗೆದೆ. ನಿಮ್ಮ ಹುಡುಗ ನೋವು ಅನ್ನುತ್ತಾನೆ,
ಎಲ್ಲಿ ಅಂತ ಹೇಳಲು ಬರುವುದಿಲ್ಲ ಅವನಿಗೆ."
ನಿಮ್ಮ ಹುಡುಗ, ಅಂದ.
ಎರ್ಸಿಲಿಯಾ ಪಾಸ್ತಾ ಬಸಿಯುತ್ತಿದ್ದಳು,
ಹಬೆಯಲ್ಲಿ ಅವಳ ಮುಖ ಕಾಣಲಿಲ್ಲ.
ಒಳಗುಟ್ಟು ಹೊರಗೆ ಬಿಡೆನೆಂದು
ಸಹಿ ಹಾಕಿದ ಕೈ ಇದೇ, ರಿಸೀವರ್ ಹಿಡಿದದ್ದೂ ಇದೇ.
"ಎಡಗಡೆ. ನಾಲ್ಕು ಮಿಲಿಮೀಟರ್," ಅಂದೆ. ಇಟ್ಟೆ.
ಜಂತೆಯಲ್ಲಿ ಒಂದು, ನನ್ನ ಲೆಕ್ಕದ್ದು.

ಮೊಂಝಾದಲ್ಲಿ, ಸೆಪ್ಟೆಂಬರ್,
ನೇರ ದಾರಿಯಲ್ಲಿ ನಮ್ಮ ಕಾರನ್ನು ನಿಂತ ಮರದಂತೆ ದಾಟಿದ.
ಮೂವತ್ತು ಸಾವಿರ ಗಂಟಲು ಛೀ ಅಂದವು.
ಕಾರನ್ನು ನೋಡಲಿಲ್ಲ ನಾನು,
ಹೆಲ್ಮೆಟ್ಟಿನ ಓರೆ ನೋಡಿದೆ. ಓರೆ ಇರಲಿಲ್ಲ.
ನೋವಿಲ್ಲದೆ ಕೂತಿದ್ದ.
ನಮ್ಮವರೆಲ್ಲ ತಲೆ ತಗ್ಗಿಸಿದಾಗ ನಾನೂ ತಗ್ಗಿಸಿದೆ,
ನಗುವನ್ನು ಎಲ್ಲಾದರೂ ಇಡಬೇಕಿತ್ತು.

ಮತ್ತೆ ಜನವರಿ, ಅದೇ ಮಂಜು.
ಚೀಲದ ಮೇಲೆ ಜೋವಾಕಿಂ, ಪೋರ್ಟೊದ ಪೋರ, ಇಪ್ಪತ್ತು ತುಂಬಿಲ್ಲ.
ಬೆನ್ನು ನುಣ್ಣಗೆ, ಯಾರೂ ಏನೂ ಬರೆದಿಲ್ಲ ಇನ್ನೂ.
"ಆರ್ವಿ ಇಲ್ಲಿ ಎಷ್ಟು ವರ್ಷ ಇದ್ದ?"
ಏಳು.
"ಅಷ್ಟೊಂದಾ? ಯಾಕೆ?" ಎಂದು ತಿರುಗಲು ಹೋದ.
ಭುಜ ಒತ್ತಿ ಹಿಡಿದೆ,
ಅಲ್ಲಾಡಬೇಡ, ನೊರೆ ಇನ್ನೂ ಬಿಸಿ ಇದೆ.